ಬಾಣವನ್ನು ನಡುವಿಗೆ ತಂದ ಕೈ

“ಇನ್ನೊಂದ್ಸಲ ಹಾಕು,” ಎಂದೆ.

“ಟೀಚರ್, ಇದು ಹದಿನಾಲ್ಕನೇ ಸಲ,” ಎಂದ ಗಡ್ಡ.

“ಎಣಿಸೋದು ನಿನ್ನ ಕೆಲಸ, ನೋಡೋದು ನನ್ನ ಕೆಲಸ. ಹಾಕು.”

ಹಾಕಿದ. ಐವತ್ತೆರಡು ಸೆಕೆಂಡಿನ ವಿಡಿಯೋ. ಹಳೆಯ ಬಂಗಲೆಯೊಂದರ ಹಜಾರ, ಗೋಡೆಯ ಮೇಲೊಂದು ಗಡಿಯಾರ. ಆಡುವವರ ನೋಟ ನಿಧಾನವಾಗಿ ಅದರ ಕಡೆ ತಿರುಗುತ್ತದೆ. ರಿಪೇರಿಯ ವಿಂಡೋ ತೆರೆದುಕೊಳ್ಳುತ್ತದೆ. ಬಾಣವೊಂದು ಅತ್ತಿತ್ತ ಓಡಾಡಿ ಗಡಿಯಾರ ಬಿಚ್ಚಿ, ಹಲ್ಲು ಮುರಿದ ಚಕ್ರ ತೆಗೆದು, ಬೇರೆಯದನ್ನು ಕೂರಿಸುತ್ತದೆ. ವಿಂಡೋ ಮುಚ್ಚುತ್ತದೆ. ಇನ್ನೊಮ್ಮೆ ತೆರೆದು ಮುಳ್ಳುಗಳನ್ನು ಸರಿಯಾದ ಹೊತ್ತಿಗೆ ತಿರುಗಿಸಿ ಮತ್ತೆ ಮುಚ್ಚುತ್ತದೆ. ನೋಟ ಬಾಗಿಲ ಕಡೆ ಹೊರಳುತ್ತದೆ. ಅಷ್ಟೇ.

ಈ ಆಫೀಸಿನವರು ಮಾಡಿದ, ಇನ್ನೂ ಬಿಡುಗಡೆಯೇ ಆಗದ ಈ ಕಂಪ್ಯೂಟರ್ ಆಟವನ್ನು ಎದುರು ಬೀದಿಯ ಗಾಜಿನ ಕಟ್ಟಡದ ಪೈಪೋಟಿ ಕಂಪನಿಯವರು ಸೋಮವಾರ ‘ನಮ್ಮ ಮುಂದಿನ ಆಟ’ ಎಂದು ಇಂಟರ್ನೆಟ್ಟಿಗೆ ಹಾಕಿದ್ದರು. ಒಳಗಿನಿಂದ ಅವರಿಗೆ ಕೊಟ್ಟವರು ಯಾರೆಂದು ಪತ್ತೆ ಮಾಡುವುದಕ್ಕೆ ನನ್ನನ್ನು ಕರೆಸಿದ್ದರು.

ಇವತ್ತು ಶುಕ್ರವಾರ. ಗಂಟೆ ಮೂರು. ಐದಕ್ಕೆ ಒಬ್ಬ ಹುಡುಗಿಯ ಕೆಲಸ ಹೋಗುವುದಿತ್ತು.

ಆ ಹುಡುಗಿ ಬಾಗಿಲ ಪಕ್ಕದ ಮೇಜಿನಲ್ಲಿ ಕುಳಿತಿದ್ದಳು. ಹೆಡ್‌ಫೋನು ಕತ್ತಿಗೆ ಜೋತುಬಿದ್ದಿತ್ತು, ಎರಡೂ ಕೈ ಮಡಿಲಲ್ಲಿದ್ದವು. ಬಂದು ಆರೇ ವಾರವಾದ್ದರಿಂದ ಆಫೀಸಿನಲ್ಲಿ ಅವಳಿಗೆ ಹೊಸಬಳು ಎಂದೇ ಹೆಸರು. ಆಟದ ಗಡಿಯಾರಗಳಿಗೆ ಸದ್ದು ಕೊಡುವುದು ಅವಳ ಕೆಲಸ. ಒಂದರ ಟಿಕ್‌ಟಿಕ್ ಇನ್ನೊಂದರಂತೆ ಇರಬಾರದೆಂದು ಊಟ ಬಿಟ್ಟು ಕೂರುವ ಪೈಕಿ. ಅವಳ ಗ್ರಹಚಾರವೆಂದರೆ, ಇಲ್ಲಿಗೆ ಬರುವ ಮುಂಚೆ ಕೆಲಸ ಮಾಡಿದ್ದು ಅದೇ ಗಾಜಿನ ಕಟ್ಟಡದಲ್ಲಿ.

“ಕಳ್ಳಿ ಅಂತ ಹೊರಗೆ ಹಾಕಿದ್ರೆ ಈ ಫೀಲ್ಡಲ್ಲಿ ನನ್ನನ್ನ ಯಾರೂ ಸೇರಿಸ್ಕೊಳ್ಳಲ್ಲ ಟೀಚರ್,” ಎಂದು ಬೆಳಿಗ್ಗೆ ಮೆಟ್ಟಿಲ ಮೇಲೆ ಹೇಳಿದ್ದಳು. ಅಳಲಿಲ್ಲ. ಅತ್ತಿದ್ದರೆ ನನಗೆ ಅಷ್ಟು ಸಂಕಟವಾಗುತ್ತಿರಲಿಲ್ಲ.

ಹೊರಗೆ ಹಾಕುವವಳು ಅಕ್ಕ. ಈ ಆಫೀಸಿನ ಒಡತಿ. ಕನ್ನಡಕದ ಅಂಗಡಿಯ ಮೇಲಿನ ಈ ಎರಡು ಕೋಣೆ, ನಾಲ್ಕು ಮೇಜು, ಸದಾ ಕುದಿಯುವ ಒಂದು ಕೆಟಲ್, ಎಲ್ಲ ಅವಳದು. ಹತ್ತೊಂಬತ್ತು ವರ್ಷದ ಹಿಂದೆ ನನ್ನ ಟೈಪಿಂಗ್ ಶಾಲೆಯಲ್ಲಿ ಮೂರನೇ ಮೆಷಿನ್ನಿನ ಮುಂದೆ ಕೂರುತ್ತಿದ್ದಳು. ಎಲ್ಲರಿಗೂ ಅವಳು ಅಕ್ಕನಾದ್ದರಿಂದ, ಚಿತ್ರ ಬಿಡಿಸುವ ಅವಳ ಗಂಡ ಇಡೀ ಆಫೀಸಿಗೆ ಭಾವ. ಆಟದೊಳಗಿನ ನಲವತ್ತೊಂದು ಗಡಿಯಾರಗಳನ್ನೂ ಈ ಭಾವ, ಗಡಿಯಾರದ ಅಂಗಡಿ ಇಟ್ಟಿದ್ದ ತನ್ನ ಅಪ್ಪ, ಅಂದರೆ ಆಫೀಸಿಗೆಲ್ಲ ತಾತ, ಕೈಯಾರೆ ಮಾಡಿದವುಗಳನ್ನು ನೋಡಿಕೊಂಡೇ ಬಿಡಿಸಿದ್ದು. ಇನ್ನು ಗಡ್ಡ, ಆಟವನ್ನು ಓಡಿಸುವ ಪ್ರೋಗ್ರಾಮನ್ನೆಲ್ಲ ಬರೆದವನು. ಬುದ್ಧಿವಂತ. ತಾನು ಬುದ್ಧಿವಂತ ಎನ್ನುವುದು ಅವನಿಗೂ ಗೊತ್ತು, ಅದೊಂದೇ ತೊಂದರೆ.

ನನ್ನ ವಿಷಯಕ್ಕೆ ಬಂದರೆ, ಮೂವತ್ತೊಂದು ವರ್ಷ ಟೈಪಿಂಗ್ ಕಲಿಸಿದೆ. ಬಾಗಿಲ ಆಚೆ ನಿಂತೇ ಒಳಗೆ ಕುಟ್ಟುತ್ತಿರುವವರು ಯಾರು ಎಂದು ಹೇಳುತ್ತಿದ್ದೆ. ನಿವೃತ್ತಿಯಾದ ಮೇಲೆ ಗಿಡಕ್ಕೆ ನೀರು ಹಾಕಿಕೊಂಡು ಆರಾಮಾಗಿರಿ ಎಂದರು ಜನ. ಗಿಡ ಎಷ್ಟು ನೀರು ಕುಡಿದೀತು? ಊರಿನವರ ಕಳ್ಳತನ, ಕಾಣೆಯಾದದ್ದು, ಮುಚ್ಚಿಟ್ಟದ್ದು ಇವನ್ನೆಲ್ಲ ಕೆದಕುತ್ತ ಈಗ ನಾನು ಪರಮ ಸುಖಿ.

“ನೋಡಿ ಟೀಚರ್,” ಎಂದ ಗಡ್ಡ, ಕುರ್ಚಿ ತಿರುಗಿಸಿಕೊಂಡು. “ನಾನು ಮೊನ್ನೇನೇ ಹೇಳ್ದೆ. ಈ ವಿಡಿಯೋದಲ್ಲಿ ಕತ್ತುನೋವು ಇಲ್ಲ. ಕತ್ತುನೋವು ಇಲ್ಲ ಅಂದ್ರೆ ಇದು ಹೊಸ ವರ್ಷನ್. ಹೊಸ ವರ್ಷನ್ ಆಗಿದ್ದು ಆರು ವಾರದ ಹಿಂದೆ. ಇವಳು ಬಂದಿದ್ದೂ ಆರು ವಾರದ ಹಿಂದೆ. ಅಂಗೈ ಹುಣ್ಣಿಗೆ ಕನ್ನಡಿ ಯಾಕೆ?”

ಕತ್ತುನೋವು ಎಂದರೆ ಏನು ಎನ್ನುವುದು ನನಗೂ ಬುಧವಾರವಷ್ಟೇ ಗೊತ್ತಾದದ್ದು. ಓದುವವರಿಗೂ ಹೇಳಿಬಿಡುತ್ತೇನೆ, ಕಷ್ಟವೇನಿಲ್ಲ.

ಈ ಆಟದಲ್ಲಿ ಮೌಸ್ ಒಂದೇ, ಯಜಮಾನರು ಇಬ್ಬರು. ಬಂಗಲೆಯಲ್ಲಿ ತಿರುಗಾಡುವಾಗ ಮೌಸ್ ಅಲ್ಲಾಡಿಸಿದರೆ ಕ್ಯಾಮೆರಾ ತಿರುಗುತ್ತದೆ, ಅಂದರೆ ನಮ್ಮ ಕತ್ತು ತಿರುಗಿದ ಹಾಗೆ. ಟ್ಯಾಬ್ ಒತ್ತಿದರೆ ರಿಪೇರಿಯ ವಿಂಡೋ ತೆರೆಯುತ್ತದೆ. ಆಗ ಕತ್ತು ಕದಲಬಾರದು. ಪರದೆಯ ನಟ್ಟನಡುವೆ ಬಾಣವೊಂದು ಮೂಡುತ್ತದೆ, ಮೌಸ್ ಅದನ್ನು ಓಡಿಸಬೇಕು. ಅವರು ಅದಕ್ಕೆ ಕರ್ಸರ್ ಎನ್ನುತ್ತಾರೆ, ನನ್ನ ಕಣ್ಣಿಗೆ ಅದು ಬಾಣವೇ. ಕೀಬೋರ್ಡಿನದೂ ಅದೇ ಪಾಡು. ವಿಂಡೋದಲ್ಲಿ ಅಕ್ಷರ ಬರೆಯುವ ಕೀಲಿಗಳೇ ಹೊರಗೆ ಕಾಲಾಗುತ್ತವೆ. ಮೊದಲ ದಿನ ನಾನು ಟ್ಯಾಬ್ ಒತ್ತುವುದನ್ನು ಮರೆತು, ಗಡಿಯಾರಕ್ಕೆ ಹೆಸರು ಬರೆಯುತ್ತಿದ್ದೇನೆ ಎಂದುಕೊಂಡು ನಿಮಿಷಕ್ಕೆ ಅರವತ್ತು ಪದದ ವೇಗದಲ್ಲಿ ಕುಟ್ಟಿದೆ. ಆಟದೊಳಗಿನ ಮನುಷ್ಯ ಸೋಫಾದ ಮೇಲೆ ಹಾರಿ, ಗೋಡೆಗೆ ಹಣೆ ಚಚ್ಚಿಕೊಂಡು, ಮೂಲೆಯಲ್ಲಿ ಕುಕ್ಕರುಗಾಲಲ್ಲಿ ಕೂತುಬಿಟ್ಟ. ಭಾವ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡ.

ಹಳೆಯ ವರ್ಷನ್ನಿನಲ್ಲಿ ಈ ಯಜಮಾನಿಕೆ ಬದಲಾಗುವಾಗ ಒಂದು ತಪ್ಪಿತ್ತು. ವಿಂಡೋ ತೆರೆದಿದ್ದಾಗಲೂ ಕ್ಯಾಮೆರಾ ಗುಟ್ಟಾಗಿ ಮೌಸಿನ ಓಡಾಟವನ್ನೆಲ್ಲ ಕೂಡಿಟ್ಟುಕೊಳ್ಳುತ್ತಿತ್ತು. ವಿಂಡೋ ಮುಚ್ಚಿದ ಕೂಡಲೇ ಅಷ್ಟನ್ನೂ ಒಟ್ಟಿಗೆ ತೀರಿಸಿಕೊಳ್ಳುತ್ತಿತ್ತು. ಬಾಣ ಮೇಲಿನ ಮೂಲೆಯಲ್ಲಿದ್ದಾಗ ಮುಚ್ಚಿದರೆ ನೋಟ ಫಟ್ಟನೆ ಸೂರಿಗೆ. ಅದಕ್ಕೇ ಕತ್ತುನೋವು ಎಂದು ಹೆಸರಿಟ್ಟಿದ್ದರು. ಆರು ವಾರದ ಹಿಂದೆ ಗಡ್ಡ ಅದನ್ನು ಸರಿಮಾಡಿ ಎಲ್ಲರಿಗೂ ಕೇಕ್ ತಿನ್ನಿಸಿದ್ದ.

“ನೀನು ಕತ್ತನ್ನ ನೋಡಿದೆ,” ಎಂದೆ. “ನಾನು ಕೈ ನೋಡ್ದೆ. ಈಗ ನೀನೂ ಕೈ ನೋಡು. ವಿಂಡೋ ಮುಚ್ಚೋ ಜಾಗಕ್ಕೆ ನಿಲ್ಲಿಸು.”

ನಿಲ್ಲಿಸಿದ.

“ಬಾಣ ಎಲ್ಲಿದೆ?”

“ನಡುವೆ.”

“ಎರಡನೇ ಸಲ ಮುಚ್ಚೋವಾಗ?”

ಮುಂದಕ್ಕೆ ಓಡಿಸಿದ. “ಆಗಲೂ ನಡುವೆ.”

“ಮುಳ್ಳು ಇರೋದು ಮೇಲೆ. ಅಲ್ಲಿ ಕೆಲಸ ಮುಗಿದ ಮೇಲೆ ಅಲ್ಲಿಂದಲೇ ಮುಚ್ಚಬಹುದಿತ್ತು. ಇಲ್ಲ. ಬಾಣವನ್ನ ಮೊದಲು ಹೊರಟ ಜಾಗಕ್ಕೆ ವಾಪಸ್ ತಂದು, ಆಮೇಲೆ ಮುಚ್ಚಿದಾರೆ. ಯಾಕೆ ಹೇಳು?”

ಹೇಳಬೇಕಾದ ಅಗತ್ಯವಿರಲಿಲ್ಲ. ಗಡ್ಡದೊಳಗಿನ ಮುಖ ನಿಧಾನವಾಗಿ ಬಣ್ಣ ಬದಲಿಸುತ್ತಿತ್ತು. ಆದರೂ ಬಾಯಿ ಸೋಲುವುದಿಲ್ಲವಲ್ಲ. “ಅದು ಕಾಕತಾಳೀಯ ಇರಬಹುದು,” ಎಂದ.

“ಹಳೇ ವರ್ಷನ್ ಇಟ್ಟಿದೀಯಾ?”

“ಎಲ್ಲಾ ಇಟ್ಟಿದೀನಿ.”

“ತೆಗಿ.”

ಅಕ್ಕ ಕೈಯಲ್ಲಿದ್ದ ಲೋಟ ಕೆಳಗಿಟ್ಟು ಹತ್ತಿರ ಬಂದಳು. ಭಾವನೂ ಪೆನ್ನು ಕಿವಿಗೆ ಸಿಕ್ಕಿಸಿಕೊಂಡು ಬಂದು ನಿಂತ. ನಾನು ಕೂತೆ. ಟ್ಯಾಬ್ ಒತ್ತಿದೆ, ಗಡಿಯಾರ ಬಿಚ್ಚಿದೆ, ಬಾಣವನ್ನು ಮೇಲೆ ಬಿಟ್ಟು ಟ್ಯಾಬ್ ಒತ್ತಿದೆ. ನೋಟ ಸೂರಿಗೆ ಬಡಿಯಿತು. ಮತ್ತೆ ವಿಂಡೋ ತೆರೆದು, ಎಲ್ಲ ಕಡೆ ಓಡಾಡಿ, ಬಾಣವನ್ನು ನಡುವಿಗೆ ತಂದು ಮುಚ್ಚಿದೆ. ಕತ್ತು ಕೂದಲೆಳೆಯಷ್ಟೂ ಅಲ್ಲಾಡಲಿಲ್ಲ.

“ಹೋಗಿದ್ದು ಎಷ್ಟೋ ಬಂದಿದ್ದೂ ಅಷ್ಟೇ ಆದ್ರೆ ಕ್ಯಾಮೆರಾ ಹತ್ರ ಏನೂ ಉಳಿಯಲ್ಲ,” ಎಂದೆ. “ಹಳೇ ವರ್ಷನ್ನಲ್ಲೂ ಕತ್ತು ನೋಯಲ್ಲ. ಹೊಸದರಲ್ಲಿ ಹೀಗೆ ಮಾಡೋ ಅವಶ್ಯಕತೇನೇ ಇಲ್ಲ. ಅಂದ್ಮೇಲೆ ಈ ವಿಡಿಯೋ ಹಳೇದಾಗಿರಬಹುದು. ಇವಳು ಈ ಮೆಟ್ಟಿಲು ಹತ್ತೋ ಮುಂಚಿನದು.”

ಬಾಗಿಲ ಪಕ್ಕದಲ್ಲಿ ಹೊಸಬಳು ಮಡಿಲಿನಿಂದ ಕೈ ತೆಗೆದು ಮೇಜಿನ ಮೇಲಿಟ್ಟಳು.

“ಇರಬಹುದು ಅಂದ್ರಿ. ಇದೆ ಅನ್ನಲಿಲ್ಲ,” ಎಂದಳು ಅಕ್ಕ. ಜಾಣೆ. ಮೂರನೇ ಮೆಷಿನ್ನಿನವರು ಯಾವತ್ತೂ ಜಾಣರೇ.

“ಅದಕ್ಕೇ ಈಗ ಎಲ್ಲರೂ ಒಬ್ಬೊಬ್ಬರಾಗಿ ಈ ಕುರ್ಚಿ ಮೇಲೆ ಕೂರ್ತೀರಿ. ಐದೈದು ಗಡಿಯಾರ. ಸುಳ್ಳು ಬಾಯಿಗೆ ಬರುತ್ತೆ, ಬೆರಳಿಗೆ ಬರಲ್ಲ.”

ಮೊದಲು ಹೊಸಬಳು, ಹಳೆಯ ವರ್ಷನ್ನಿನಲ್ಲಿ. ಟ್ಯಾಬ್ ಒತ್ತಿದಳು, ಚಕ್ರ ಬದಲಿಸಿದಳು, ಬಾಣ ಬಿದ್ದಲ್ಲೇ ಬಿಟ್ಟು ಟ್ಯಾಬ್ ಒತ್ತಿದಳು. ನೋಟ ಸರ್ರನೆ ನೆಲಕ್ಕಿಳಿಯಿತು.

“ಅಯ್ಯೋ! ಇದೇನಿದು?” ಎಂದು ಕುರ್ಚಿಯಲ್ಲೇ ಹಿಂದಕ್ಕೆ ಸರಿದಳು. “ಇದೇನಾ ಕತ್ತುನೋವು? ನನಗೆ ವಾಂತಿ ಬರೋ ಹಾಗಾಯ್ತು.”

ಐದು ಗಡಿಯಾರಕ್ಕೂ ಹಾಗೇ. ಐದನೆಯದರ ಹೊತ್ತಿಗೆ ಪರದೆಯನ್ನು ನೋಡುವ ಬದಲು ಕಣ್ಣು ಮುಚ್ಚಿ ಟ್ಯಾಬ್ ಒತ್ತುತ್ತಿದ್ದಳೇ ಹೊರತು, ಬಾಣವನ್ನು ನಡುವಿಗೆ ತರಬೇಕೆಂಬುದು ಹೊಳೆಯಲೇ ಇಲ್ಲ.

ಆಮೇಲೆ ಉಳಿದ ಮೂವರು, ಹೊಸ ವರ್ಷನ್ನಿನಲ್ಲಿ. ಗಡ್ಡ ಬಾಣವನ್ನು ಎಲ್ಲೆಂದರಲ್ಲಿ ಬಿಟ್ಟು ಮುಚ್ಚಿದ. ಅದೂ ಸ್ವಲ್ಪ ಗತ್ತಿನಿಂದಲೇ, ತಾನೇ ಕಟ್ಟಿಸಿದ ಸೇತುವೆಯ ಮೇಲೆ ನಡೆಯುವವರ ಹಾಗೆ.

ಅಕ್ಕ ಕೂತಳು. ಮಾತಾಡುತ್ತಲೇ ಗಡಿಯಾರ ಬಿಚ್ಚಿದಳು, ಮಾತಾಡುತ್ತಲೇ ಬಾಣವನ್ನು ನಡುವಿಗೆ ತಂದಳು, ಮಾತಾಡುತ್ತಲೇ ಟ್ಯಾಬ್ ಒತ್ತಿದಳು. ಒತ್ತಿದ ಬೆರಳು ಅಲ್ಲೇ ನಿಂತಿತು. ಮಾತೂ ನಿಂತಿತು.

“ಅಯ್ಯೋ ಟೀಚರ್. ಇದು ಕೈಗೆ ಅಭ್ಯಾಸ.”

“ಹುಟ್ಟುಗುಣ ಸುಟ್ಟರೂ ಹೋಗಲ್ಲ ಅಂತಾರೆ. ಒಂದು ವರ್ಷದ ಅಭ್ಯಾಸ ಆರು ವಾರಕ್ಕೆ ಹೋಗುತ್ತಾ? ಏಳು. ಭಾವ ಕೂರಲಿ.”

ಭಾವನೂ ನಡುವಿಗೇ ತಂದ. ಐದಕ್ಕೆ ಐದು ಸಲ.

“ಭೇಷ್,” ಎಂದ ಗಡ್ಡ. “ಅಂದ್ರೆ ಕಳ್ಳರು ಗಂಡ ಹೆಂಡ್ತಿ. ತಮ್ಮ ಮನೆಗೆ ತಾವೇ ಕನ್ನ ಹಾಕ್ಕೊಂಡು, ಕಳ್ಳನ್ನ ಹುಡುಕೋಕೆ ಟೀಚರ್‌ನ ಕರೆಸಿದಾರೆ.”

ತಮಾಷೆಗೆ ಹೇಳಿದ್ದೇ. ಆದರೆ ಅಕ್ಕನ ಮುಖ ಕೆಂಪಗಾಯಿತು. ಭಾವ ಕಿವಿಯ ಪೆನ್ನು ತೆಗೆದು ಮತ್ತೆ ಸಿಕ್ಕಿಸಿಕೊಂಡ. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವರನ್ನು ಬಹಳ ಜನರನ್ನು ಕಂಡಿದ್ದೇನೆ, ಅದಕ್ಕೇ ಇಬ್ಬರನ್ನೂ ಸ್ವಲ್ಪ ಹೊತ್ತು ಹಾಗೇ ಬಿಟ್ಟು ನೋಡಿದೆ. ಅಕ್ಕನದು ಕೋಪ. ಭಾವನದು ಬೇರೆ ಏನೋ. ಏನನ್ನೋ ಜ್ಞಾಪಿಸಿಕೊಳ್ಳುತ್ತಿದ್ದ.

“ಯಾರೂ ಗಾಬರಿಯಾಗಬೇಡಿ,” ಎಂದೆ. “ನಂದು ಇನ್ನೂ ಮುಗಿದಿಲ್ಲ. ವಿಡಿಯೋ ಹಾಕು. ಹನ್ನೊಂದನೇ ಸೆಕೆಂಡಿಂದ.”

ಹನ್ನೊಂದನೆಯ ಸೆಕೆಂಡಿನಲ್ಲಿ ಬಾಣ ಗಡಿಯಾರದ ಮುಖದಲ್ಲಿರುವ ಸಣ್ಣ ತೂತಿನ ಮೇಲೆ ಹೋಗಿ ನಿಲ್ಲುತ್ತದೆ. ಕೀ ಕೊಡುವ ತೂತು. ಅಲ್ಲೇ ಇರುತ್ತದೆ. ಹನ್ನೆರಡು, ಹದಿಮೂರು, ಹದಿನಾಲ್ಕು. ಇಪ್ಪತ್ತರವರೆಗೂ ಏನೂ ಆಗುವುದಿಲ್ಲ. ಆಮೇಲೆ ಹಿಂದಿನ ಮುಚ್ಚಳದ ಕಡೆ ಹೋಗುತ್ತದೆ.

“ಒಂಬತ್ತು ಸೆಕೆಂಡು ಇದೇನು ಮಾಡ್ತಿದಾರೆ?”

“ಏನಿಲ್ಲ, ವೇಸ್ಟು,” ಎಂದ ಗಡ್ಡ. “ಅಲ್ಲಿ ಮೌಸ್ ಒತ್ತಿ ಹಿಡ್ಕೊಂಡ್ರೆ ಒಳಗಿನ ಸ್ಪ್ರಿಂಗ್ ನಿಧಾನಕ್ಕೆ ಸಡಿಲ ಆಗುತ್ತೆ. ಮಾಡಿದ್ರೆ ಪಾಯಿಂಟ್ ಇಲ್ಲ, ಮಾಡದಿದ್ರೆ ನಷ್ಟ ಇಲ್ಲ. ಯಾರೂ ಮಾಡಲ್ಲ. ತೆಗೆದುಹಾಕೋಣ ಅಂತಿದ್ದೆ.”

“ಮಾಡದಿದ್ರೆ ನಷ್ಟ ಇಲ್ಲ ಅಂದ್ಮೇಲೆ ಯಾಕಪ್ಪಾ ಇಟ್ಟೆ?”

“ತಾತ ಹಟ ಹಿಡಿದ್ರು. ನಿಜವಾದ ಗಡಿಯಾರದಲ್ಲಿ ಸ್ಪ್ರಿಂಗ್ ಬಿಗಿಯಾಗಿದ್ದಾಗ ಬಿಚ್ಚಿದ್ರೆ ಅದು ಚಿಮ್ಮಿ ಬೆರಳು ಕಿತ್ತುಹಾಕುತ್ತಂತೆ. ಸುಳ್ಳು ಗಡಿಯಾರಕ್ಕೂ ಇರಬೇಕು ಅಂದ್ರು. ಇರಲಿ ಅಂತ...”

ಗಡ್ಡ ಅಲ್ಲಿಗೇ ನಿಲ್ಲಿಸಿದ.

ಇಲ್ಲಿ ನಾನು ಒಂದು ಮಾತು ಒಪ್ಪಿಕೊಳ್ಳಬೇಕು. ಇಂಥ ಗಳಿಗೆ ಬಂದಾಗ ನನಗಾಗುವ ಸಂತೋಷ ಅಷ್ಟಿಷ್ಟಲ್ಲ. ಒಂದು ಕೋಣೆಯಲ್ಲಿ ಎಲ್ಲರಿಗೂ ಒಟ್ಟಿಗೇ ವಿಷಯ ಹೊಳೆಯುವುದನ್ನು ನೋಡುವುದಿದೆಯಲ್ಲ, ಅದಕ್ಕಾಗಿ ನಾನು ಹದಿನಾಲ್ಕು ಸಲವಲ್ಲ, ನಲವತ್ತು ಸಲ ಬೇಕಾದರೂ ವಿಡಿಯೋ ನೋಡಿಯೇನು.

“ಇವತ್ತು ನಿಮ್ಮ ನಾಲ್ಕು ಜನರ ಕೈಯಲ್ಲಿ ಇಪ್ಪತ್ತು ಗಡಿಯಾರ ರಿಪೇರಿ ಮಾಡಿಸ್ದೆ,” ಎಂದೆ. “ಒಬ್ಬರಾದ್ರೂ ಸ್ಪ್ರಿಂಗ್ ಇಳಿಸಿದ್ರಾ? ಇಲ್ಲ. ಆಟ ಆಡೋರು ಇಳಿಸಲ್ಲ. ಬೆರಳಿನ ಭಯ ಇರೋರು ಇಳಿಸ್ತಾರೆ. ಹಳೇ ವರ್ಷನ್ ಆಡಿ ಕತ್ತುನೋವು ತಪ್ಪಿಸ್ಕೊಳ್ಳೋದು ಕಲಿತವರು, ಗಡಿಯಾರ ಅಂದ್ರೆ ಮೊದಲು ಸ್ಪ್ರಿಂಗ್ ಇಳಿಸೋರು. ಅಂಥವರು ಎಷ್ಟು ಜನ ಇದಾರೆ ನಿಮಗೆ ಗೊತ್ತಿರೋರು?”

“ಅಪ್ಪ,” ಎಂದ ಭಾವ.

ಸಣ್ಣ ದನಿ. ಅಕ್ಕ ಅವನ ಕಡೆ ತಿರುಗಿದಳು.

“ಚಳಿಗಾಲದಲ್ಲಿ ಅಂಗಡಿ ಮುಚ್ಚಿದ್ರಲ್ಲ, ಆಗ ಮನೇಲಿ ಹೊತ್ತು ಹೋಗಲ್ಲ ಅಂತಿದ್ರು. ನಾನೇ ಅವರ ಕಂಪ್ಯೂಟರಿಗೆ ಹಾಕಿಕೊಟ್ಟೆ. ದಿನಾ ಆಡ್ತಾರೆ. ಬಾಣ ನಡುವಿಗೆ ತಂದು ಮುಚ್ಚಿ ಅಂತ ಹೇಳಿಕೊಟ್ಟಿದ್ದೂ ನಾನೇ. ಆಮೇಲೆ ಹೊಸ ವರ್ಷನ್ ಹಾಕಿಕೊಡೋದು ಮರೆತೇಬಿಟ್ಟೆ.”

“ನನಗೆ ಹೇಳಲಿಲ್ಲ,” ಎಂದಳು ಅಕ್ಕ.

“ನೀನು ಕೇಳಲಿಲ್ಲ. ಅಪ್ಪ ಏನು ಮಾಡ್ತಾರೆ ಇಡೀ ದಿನ ಅಂತ ನಾವಿಬ್ಬರೂ ಕೇಳಲಿಲ್ಲ ಬಿಡು.”

ದೀಪದ ಬುಡದಲ್ಲೇ ಕತ್ತಲೆ. ಮೂರು ದಿನ ಈ ಮೇಜು ಆ ಮೇಜು ಎಂದು ಅನುಮಾನ ಹೊತ್ತುಕೊಂಡು ತಿರುಗಿದ್ದೆವು. ಬೆಳಿಗ್ಗೆ ಇವರಿಬ್ಬರಿಗೂ ಬಾಗಿಲು ತೆಗೆದು ಹುಷಾರಾಗಿ ಹೋಗಿಬನ್ನಿ ಎನ್ನುವ ಮನುಷ್ಯ ಯಾರ ಲೆಕ್ಕಕ್ಕೂ ಬಂದಿರಲಿಲ್ಲ. ನನ್ನ ಲೆಕ್ಕಕ್ಕೂ. ಸಂತೋಷದ ಜೊತೆಗೆ ನನಗೆ ಸ್ವಲ್ಪ ನಾಚಿಕೆಯೂ ಆಯಿತು.

ಅಕ್ಕ ತನ್ನ ಮೇಜಿನ ಡ್ರಾಯರ್ ಎಳೆದು, ಟೈಪ್ ಮಾಡಿಟ್ಟಿದ್ದ ಪತ್ರ ತೆಗೆದು ನಾಲ್ಕು ಚೂರು ಮಾಡಿದಳು. ಹೊಸಬಳ ಮುಂದೆ ಹೋಗಿ ನಿಂತಳು.

“ತಪ್ಪಾಯ್ತು ಕಣೇ,” ಎಂದಳು. “ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂದ ಹಾಗಾಯ್ತು ನಂದು. ಬೈಯೋದಿದ್ರೆ ಬೈದುಬಿಡು.”

ಹೊಸಬಳಿಗೆ ಮೂರು ದಿನ ಬಾರದ ಅಳು ಈಗ ಬಂತು. ಗಡ್ಡ ಗಡಿಬಿಡಿಯಿಂದ ಕೆಟಲಿಗೆ ನೀರು ತುಂಬಿಸಲು ಹೋದ. ಆಗಲೇ ತುಂಬಿತ್ತು. ಆದರೂ ಅಲ್ಲೇ ನಿಂತು, ಬೆನ್ನು ತೋರಿಸಿಕೊಂಡು, “ನಂದೂ ತಪ್ಪಾಯ್ತು,” ಎಂದ. ನನ್ನ ಮನಸ್ಸು ಹಗುರವಾಯಿತು. ಇಲ್ಲಿಗೇ ಮುಗಿಸಿ ಟೀ ಕುಡಿದು ಮನೆಗೆ ಹೋಗಬಹುದಿತ್ತು.

ಆದರೆ ತಾತನ ಕೈಯಿಂದ ಗಾಜಿನ ಕಟ್ಟಡಕ್ಕೆ ಆಟ ಹೋದದ್ದು ಹೇಗೆ?

“ಫೋನ್ ಹಚ್ಚು,” ಎಂದೆ ಭಾವನಿಗೆ. “ಎಲ್ಲರಿಗೂ ಕೇಳೋ ಹಾಗೆ. ಗದರಬೇಡ.”

ಗಂಟೆ ನಾಲ್ಕೂ ಇಪ್ಪತ್ತೈದು. ಮೂರನೆಯ ರಿಂಗಿಗೆ ತಾತ ಎತ್ತಿದರು.

“ಏನೋ, ಈ ಹೊತ್ತಲ್ಲಿ? ಟೀ ಆಯ್ತಾ?”

“ಆಯ್ತಪ್ಪಾ. ನೀವು ಆಟ ಆಡೋದನ್ನ ಯಾರಾದ್ರೂ ವಿಡಿಯೋ ಮಾಡ್ಕೊಂಡ್ರಾ?”

“ಓ, ಅದಾ! ಬಂತಾ? ಚೆನ್ನಾಗಿ ಬಂದಿದೆಯಾ?” ದನಿಯಲ್ಲಿ ಹಬ್ಬ. “ಒಬ್ಬರು ಗಡಿಯಾರ ರಿಪೇರಿಗೆ ಅಂತ ಹುಡುಕ್ಕೊಂಡು ಮನೆಗೆ ಬಂದಿದ್ರು. ಒಳ್ಳೇ ಜನ. ಅಂಗಡಿ ಇಲ್ಲಪ್ಪಾ ಅಂದೆ, ಕಂಪ್ಯೂಟರಲ್ಲಿ ಮಾಡೋದು ತೋರಿಸ್ತೀನಿ ಬನ್ನಿ ಅಂದೆ. ಎಷ್ಟು ಹೊತ್ತು ಕೂತು ನೋಡಿದ್ರು ಗೊತ್ತಾ? ಮಾರನೇ ದಿನ ಇನ್ನಿಬ್ಬರನ್ನ ಕರ್ಕೊಂಡು ಬಂದ್ರು. ಒಂದೊಂದು ಗಡಿಯಾರದ್ದೂ ಕಥೆ ಕೇಳಿದ್ರು.”

ಭಾವ ಕಣ್ಣು ಮುಚ್ಚಿದ. “ಇದು ಯಾರ ಆಟ ಅಂತ ಕೇಳ್ಲಿಲ್ವಾ?”

“ಕೇಳಿದ್ರು. ನಂದು ಅಂದೆ.”

“ಮಾವ!” ಎಂದಳು ಅಕ್ಕ.

“ನೀನೂ ಇದೀಯಾ ತಾಯಿ? ಯಾಕೆ, ಸುಳ್ಳಾ? ಒಳಗಿರೋ ಗಡಿಯಾರ ನಂದು, ಮೇಜು ನಂದು, ಸ್ಕ್ರೂಡ್ರೈವರ್ ಸಹ ನಂದೇ, ಹಿಡಿ ಒಡೆದಿದೆ ನೋಡು. ಆಟ ಮುಗಿದ ಮೇಲೆ ಹೆಸರುಗಳು ಬರ್ತಾವಲ್ಲ, ಎಲ್ಲರದೂ ಬರುತ್ತೆ. ನಂದು ಎಲ್ಲಿ ಅಂತ ಹುಡುಕಿದೆ. ಮೂರು ಸಲ ಹುಡುಕಿದೆ. ಕಣ್ಣು ಸರಿ ಇಲ್ಲ, ಬಿಟ್ಟುಹೋಯ್ತೇನೋ ಅಂದುಕೊಂಡೆ. ಇರಲಿಲ್ಲ. ಇರಲಿ ಬಿಡು, ಮನೆಯವರ ಹೆಸರು ಹಾಕ್ತಾರಾ ಅಂದುಕೊಂಡೆ.”

ಕೋಪವಿಲ್ಲ, ಕೊಂಕಿಲ್ಲ. ಇವತ್ತು ತರಕಾರಿಯವನು ಬರಲಿಲ್ಲ ಎನ್ನುವ ಹಾಗೆ ಹೇಳಿದರು. ಅಕ್ಕ ಪಕ್ಕದ ಕುರ್ಚಿ ಹಿಡಿದುಕೊಂಡಳು. ಅವಳ ಮುಖ ನೋಡಲು ನನಗಾಗಲಿಲ್ಲ.

“ಇವರು ಹಾಕ್ತಾರಂತೆ,” ತಾತ ಮುಂದುವರಿಸಿದರು. “ಮೊದಲ್ನೇ ಹೆಸರೇ ನಂದು. ಹೋದ ವಾರ ವಿಡಿಯೋಗೆ ಒಪ್ಪಿಗೆ ಅಂತ ಒಂದು ಸಹಿ ಹಾಕಿಸ್ಕೊಂಡ್ರು. ಇನ್ನೊಂದು ಕಾಗದ ಇದೆಯಂತೆ, ಇವತ್ತು ನಾಲ್ಕೂವರೆಗೆ ತರ್ತೀವಿ ಅಂದಿದಾರೆ.”

“ಯಾವ ಕಾಗದ ಅಪ್ಪಾ?”

“ಗಡಿಯಾರದ್ದು. ನಲವತ್ತೊಂದನ್ನೂ ಅವರ ಆಟಕ್ಕೆ ಕೊಟ್ಟಿದೀನಿ ಅಂತ. ಅವರಿಗೆ ಮಾತ್ರ, ಬೇರೆ ಯಾರಿಗೂ ಇಲ್ಲ ಅಂತ. ಇರು, ಬಾಗಿಲು ಬಡೀತಿದಾರೆ. ಅವರೇ ಇರ್ಬೇಕು.”

“ಅಪ್ಪಾ, ಸಹಿ ಹಾಕ್ಬೇಡಿ!”

ಫೋನನ್ನು ಮೇಜಿನ ಮೇಲಿಟ್ಟ ಸದ್ದು ಕೇಳಿತು. ಕಟ್ ಮಾಡಿರಲಿಲ್ಲ. ಚಪ್ಪಲಿಯ ಸದ್ದು ದೂರವಾಯಿತು.

“ಅವರ ಸಹಿಗೆ ಏನು ಬೆಲೆ?” ಎಂದ ಗಡ್ಡ. “ಆಟ ಬರೆದಿದ್ದು ನಾವು.”

“ಆಟ ನಮ್ಮದು. ಗಡಿಯಾರ ಅಪ್ಪನದು,” ಎಂದ ಭಾವ. ಮುಖದಲ್ಲಿ ರಕ್ತವಿರಲಿಲ್ಲ. “ಅವರ ಡಿಸೈನು, ಅವರ ಕೈಕೆಲಸ. ನಮಗೆ ಕೊಟ್ಟಿದೀನಿ ಅಂತ ಒಂದು ಸಾಲು ಬರೆಸ್ಕೊಂಡಿಲ್ಲ ನಾನು. ಮನೆಯವರು ಅಂತ.”

ಗಡಿಯಾರ ತೆಗೆದರೆ ಈ ಆಟದಲ್ಲಿ ಉಳಿಯುವುದು ಖಾಲಿ ಬಂಗಲೆ. ಎರಡು ವರ್ಷದ ಕೆಲಸ. ನಾಲ್ಕು ಜನರ ಅನ್ನ. ಅಕ್ಕ ಫೋನಿಗೆ ಬಾಯಿ ಹಚ್ಚಿ ಮಾವಾ ಮಾವಾ ಎಂದು ಕೂಗಿದಳು. ಆ ಕಡೆಯಿಂದ ಬಾಗಿಲ ಚಿಲಕ ಸರಿದ ಸದ್ದಷ್ಟೇ ಬಂತು. ಗಡ್ಡ ತನ್ನ ಫೋನಿನಿಂದ ಹಚ್ಚಿದ, ಲೈನ್ ಬಿಜಿ.

“ಮನೆ ಎಷ್ಟು ದೂರ?” ಎಂದು ಕೇಳಿದ್ದು ಹೊಸಬಳು. 

“ಬಸ್ಸಲ್ಲಿ ಅರ್ಧ ಗಂಟೆ,” ಎಂದ ಭಾವ.

“ನನ್ನ ಸ್ಕೂಟರಲ್ಲಿ ಹನ್ನೆರಡು ನಿಮಿಷ. ಅಕ್ಕಾ, ಹತ್ತಿ.” ಅಷ್ಟರಲ್ಲಿ ಹೆಡ್‌ಫೋನು ಮೇಜಿನ ಮೇಲಿತ್ತು, ಕೀ ಕೈಯಲ್ಲಿತ್ತು, ಅವಳು ಮೆಟ್ಟಿಲ ಮೇಲಿದ್ದಳು. ಅಕ್ಕ ಚಪ್ಪಲಿ ಹಾಕಿಕೊಳ್ಳದೆ ಅವಳ ಹಿಂದೆ ಓಡಿದಳು.

ಉಳಿದ ನಾವು ಮೂವರು ಫೋನಿನ ಸುತ್ತ ಬಗ್ಗಿ ನಿಂತೆವು. ಒಳಗೆ ಬಹಳ ಜನ ಬಂದಂತಿತ್ತು. ಬನ್ನಿ ಬನ್ನಿ, ಕೂತ್ಕೊಳ್ಳಿ, ಬಿಸಿಲಲ್ಲಿ ಬಂದಿದೀರಿ. ಕುರ್ಚಿ ಎಳೆದರು. ಯಾರೋ ನೀರು ಕುಡಿದರು. ಕಾಗದ ಬಿಡಿಸುವ ಸರಪರ ಸದ್ದು ನನಗೆ ಸ್ಪಷ್ಟವಾಗಿ ಕೇಳಿಸಿತು. ಜೀವನವೆಲ್ಲ ಕೇಳಿದ ಸದ್ದು ಅದು. ಕೆಳಗೆ ಬೀದಿಯಲ್ಲಿ ಸ್ಕೂಟರು ಒಮ್ಮೆ ಗುರುಗುಟ್ಟಿ ನಿಂತಿತು, ಮತ್ತೆ ಗುರುಗುಟ್ಟಿ ಹೊರಟಿತು.

ಭಾವ ಅಪ್ಪಾ ಎಂದು ಕಿರುಚಿದ. ಮೇಜಿನ ಮೇಲಿದ್ದ ಆ ಫೋನಿನಿಂದ ತಾತನ ಕಿವಿಗೆ ಏನೂ ಮುಟ್ಟಲಿಲ್ಲ.

“ಒಂದು ನಿಮಿಷ,” ಎಂದರು ಆ ಕಡೆ ತಾತ, ಯಾರಿಗೋ, ಸಂತೋಷ ತುಂಬಿದ ದನಿಯಲ್ಲಿ. “ಕನ್ನಡಕ ಸಿಕ್ತು. ಹ್ಞೂ, ಕೊಡಿ ಪೆನ್ನು. ಎಲ್ಲಿ ಹಾಕ್ಬೇಕು, ಇಲ್ಲೇನಾ?”